ಸಸ್ಯಕ್ಷಾರದ ಶೋಧಕ ಸೆರ್ಟ್ಯೂರ್ನರ್

ಹಬ್ಬದ ದಿನಗಳಲ್ಲಿ ಪಾಯಸಕ್ಕೆಂದು ಅರೆಯುವ ಗಸಗಸೆಯನ್ನು ಅರಿಯದವರು ನಮ್ಮ ನಾಡಿನಲ್ಲಿ ವಿರಳ. ಸಾಸಿವೆಗಿಂತಲೂ ಸಣ್ಣದಾದ ಈ ಬೀಜವನ್ನು ಕೊಡುವ ಗಿಡವೇ ಅಫೀಮನ್ನೂ ಕೊಡುತ್ತದೆ. ಹೂವಿನ ದಳಗಳು ಉದುರಿದ ಮೇಲೆ, ಕಾಯಿ ಇನ್ನೂ ಹಸುರಾಗಿರುವಾಗ, ಅದರ ಸಿಪ್ಪೆಯ ಮೇಲೆ ಹರಿತವಾದ ಅಲಗಿನಿಂದ ಗೀರು ಹಾಕಿದರೆ ಬಿಳಿಯ ಹಾಲು ಒಸರುತ್ತದೆ. ರಾತ್ರಿ ಕಳೆಯುವುದರೊಳಗೆ ಅದು ಗಾಳಿಗೆ ಒಣಗಿ ಕಂದುಬಣ್ಣದ ಅಂಟಾಗುತ್ತದೆ. ಬೆಳಗ್ಗೆ ಅದನ್ನು ಕೆರೆದು ತೆಗೆದರೆ ಅದೇ ಅಫೀಮು. ಒಂದೇ ಕಾಯಿಯಲ್ಲಿ ಉಣ್ಣುವ ಬೀಜವೂ ಮೈಮರೆಸುವ ಮದ್ದೂ ಇರುವುದು ಸೋಜಿಗವಲ್ಲವೆ? ಆ ಹಾಲಿನಲ್ಲಿ ಅಡಗಿದ್ದ ಸತ್ವವನ್ನು ಬಿಡಿಸಿ, ಅದರ ನಿಜವಾದ ಸ್ವಭಾವವನ್ನು ಮೊದಲು ಗುರುತಿಸಿದವನು ಯಾವ ವಿಶ್ವವಿದ್ಯಾನಿಲಯದ ಪಂಡಿತನೂ ಅಲ್ಲ. ಔಷಧಶಾಲೆಯೊಂದರಲ್ಲಿ ಮದ್ದು ಅರೆಯುತ್ತಿದ್ದ ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಸಹಾಯಕ. ಅವನೇ ಫ್ರೀಡ್ರಿಕ್ ಸೆರ್ಟ್ಯೂರ್ನರ್.

ಸೆರ್ಟ್ಯೂರ್ನರ್ 1783ನೆಯ ಇಸವಿ ಜೂನ್ 19ರಂದು ಜರ್ಮನಿಯ ಪಾಡರ್‌ಬಾರ್ನ್ ನಗರದ ಸಮೀಪದ ನೋಯ್‌ಹೌಸ್ ಎಂಬ ಊರಿನಲ್ಲಿ ಹುಟ್ಟಿದನು. ಅಂದು ಜರ್ಮನಿ ಒಂದೇ ರಾಷ್ಟ್ರವಾಗಿರಲಿಲ್ಲ. ಹಲವು ಸಣ್ಣಪುಟ್ಟ ಸಂಸ್ಥಾನಗಳಾಗಿ ಹಂಚಿಹೋಗಿತ್ತು. ಪಾಡರ್‌ಬಾರ್ನ್ ಪ್ರಾಂತವನ್ನು ಅಲ್ಲಿಯ ಧರ್ಮಾಧಿಪತಿಯೇ ಆಳುತ್ತಿದ್ದನು. ಸೆರ್ಟ್ಯೂರ್ನರನ ತಂದೆ ಆ ಅರಸನಲ್ಲಿ ಮೋಜಣಿದಾರನೂ ಎಂಜಿನಿಯರನೂ ಆಗಿ ಸೇವೆ ಸಲ್ಲಿಸುತ್ತಿದ್ದನು. ಮಗನಿಗೆ ಹದಿನೈದು ವರ್ಷವಾಗಿದ್ದಾಗ ತಂದೆ ತೀರಿಕೊಂಡನು. ಹುಡುಗನು ಬೇಗನೆ ಒಂದು ಉದ್ಯೋಗವನ್ನು ಕಲಿಯಬೇಕಾಯಿತು. 1799ರಲ್ಲಿ ಅವನು ಪಾಡರ್‌ಬಾರ್ನಿನ ಆಸ್ಥಾನ ಔಷಧಶಾಲೆಯಲ್ಲಿ ಶಿಷ್ಯನಾಗಿ ಸೇರಿದನು.

ಆ ಕಾಲದ ಔಷಧಶಾಲೆಗಳು ಇಂದಿನ ಮದ್ದಿನಂಗಡಿಗಳಂತೆ ಇರಲಿಲ್ಲ. ಅಲ್ಲಿ ಸಿದ್ಧಪಡಿಸಿಟ್ಟ ಮಾತ್ರೆಗಳ ಪೊಟ್ಟಣಗಳಿರಲಿಲ್ಲ. ಬೇರು, ತೊಗಟೆ, ಎಲೆ, ಬೀಜ, ಅಂಟು ಮುಂತಾದವುಗಳನ್ನು ತರಿಸಿ, ಒಣಗಿಸಿ, ಕುಟ್ಟಿ, ಕಷಾಯವಿಳಿಸಿ, ಸೋಸಿ, ವೈದ್ಯನು ಬರೆದುಕೊಟ್ಟಂತೆ ಮದ್ದನ್ನು ಅಲ್ಲಿಯೇ ತಯಾರಿಸಬೇಕಾಗಿತ್ತು. ಔಷಧಿಕಾರನ ಮನೆ ಒಂದು ಸಣ್ಣ ರಸಾಯನಶಾಲೆಯೇ ಆಗಿತ್ತು. ಸೆರ್ಟ್ಯೂರ್ನರ್ ನಾಲ್ಕು ವರ್ಷ ಈ ವಿದ್ಯೆಯಲ್ಲಿ ಪಳಗಿ, 1803ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಹಾಯಕನ ಪದವಿಗೆ ಏರಿದನು.

ಔಷಧಶಾಲೆಯಲ್ಲಿದ್ದ ಮದ್ದುಗಳಲ್ಲಿ ಅಫೀಮಿಗೆ ವಿಶೇಷವಾದ ಸ್ಥಾನವಿತ್ತು. ತೀವ್ರವಾದ ನೋವನ್ನು ತಣಿಸಲು ಅದಕ್ಕೆ ಸರಿಸಾಟಿಯಾದ ಬೇರೆ ಮದ್ದನ್ನು ಅಂದಿನ ವೈದ್ಯರು ಕಂಡಿರಲಿಲ್ಲ. ಆದರೆ ಅಫೀಮು ನಂಬಲಾಗದ ಮದ್ದು. ಒಂದು ಪ್ರದೇಶದಲ್ಲಿ ಬೆಳೆದ ಅಫೀಮು ಇನ್ನೊಂದು ಪ್ರದೇಶದಲ್ಲಿ ಬೆಳೆದುದರಂತೆ ಇರುತ್ತಿರಲಿಲ್ಲ. ಒಂದು ವರ್ಷದ ಫಸಲು ಮರುವರ್ಷದ ಫಸಲಿನಂತೆ ಇರುತ್ತಿರಲಿಲ್ಲ. ಜೊತೆಗೆ ವ್ಯಾಪಾರಿಗಳ ಕಲಬೆರಕೆಯೂ ಇತ್ತು. ಒಂದೇ ತೂಕದ ಅಫೀಮು ಒಬ್ಬ ರೋಗಿಗೆ ಸಾಲದೆ ಹೋಗಿ ಅವನು ನೋವಿನಿಂದ ನರಳುತ್ತಿದ್ದನು. ಮತ್ತೊಬ್ಬನಿಗೆ ಅದೇ ತೂಕ ಮಿತಿಮೀರಿ ಅವನು ನಿದ್ರೆಯಿಂದ ಏಳದೆ ಹೋಗುವ ಅಪಾಯವಿತ್ತು. ತಕ್ಕಡಿ ಎಷ್ಟು ನಿಖರವಾಗಿದ್ದರೂ ಪ್ರಯೋಜನವಿರಲಿಲ್ಲ. ತೂಗಿದ್ದು ಅಫೀಮನ್ನೇ ಹೊರತು ಅದರಲ್ಲಿರುವ ಸತ್ವವನ್ನಲ್ಲ. ಆ ಸತ್ವ ಯಾವುದು, ಅದನ್ನು ಬೇರ್ಪಡಿಸಿ ತೂಗಲು ಸಾಧ್ಯವೆ ಎಂಬ ಪ್ರಶ್ನೆ ತರುಣ ಸೆರ್ಟ್ಯೂರ್ನರನ ಮನಸ್ಸನ್ನು ಹಿಡಿಯಿತು.

ಈ ಪ್ರಶ್ನೆಗೆ ಉತ್ತರ ದೊರೆಯದಿರಲು ಒಂದು ಬಲವಾದ ಕಾರಣವಿತ್ತು. ಸ್ವೀಡನ್ನಿನ ಶೀಲೆ ಎಂಬ ರಸಾಯನ ವಿಜ್ಞಾನಿ ಹದಿನೆಂಟನೆಯ ಶತಮಾನದಲ್ಲಿ ನಿಂಬೆ, ಸೇಬು ಮೊದಲಾದ ಸಸ್ಯವಸ್ತುಗಳಿಂದ ಹಲವು ಆಮ್ಲಗಳನ್ನು ಬೇರ್ಪಡಿಸಿ ತೋರಿಸಿದ್ದನು. ಅಂದಿನಿಂದ ಸಸ್ಯಗಳಲ್ಲಿ ದೊರೆಯುವ ಸತ್ವಗಳು ಆಮ್ಲಗಳಾಗಿರಬೇಕು, ಇಲ್ಲವೆ ಆಮ್ಲವೂ ಕ್ಷಾರವೂ ಅಲ್ಲದ ತಟಸ್ಥ ವಸ್ತುಗಳಾಗಿರಬೇಕು ಎಂಬ ನಂಬಿಕೆ ಬೇರೂರಿತ್ತು. ಸಸ್ಯವು ತಾನೇ ಕ್ಷಾರಸ್ವಭಾವದ ಮದ್ದನ್ನು ತಯಾರಿಸಬಹುದೆಂದು ಯಾರೂ ಎಣಿಸಿರಲಿಲ್ಲ. ಸುಮಾರು ಅದೇ ಸಮಯದಲ್ಲಿ ಪ್ಯಾರಿಸ್ಸಿನ ಔಷಧಿಕಾರ ಡೆರೋನ್ ಅಫೀಮಿನಿಂದ ಕೆಲವು ಸ್ಫಟಿಕಗಳನ್ನು ಪಡೆದನು. ಅವು ಕ್ಷಾರದ ಲಕ್ಷಣ ತೋರಿದಾಗ ಅವನು ಅದನ್ನು ನಂಬಲಿಲ್ಲ; ತಾನು ಪ್ರಯೋಗದಲ್ಲಿ ಬಳಸಿದ ಪೊಟ್ಯಾಷ್ ಅಂಟಿಕೊಂಡಿರಬೇಕೆಂದು ಭಾವಿಸಿ ಅಲ್ಲಿಗೇ ಬಿಟ್ಟನು. ಕಣ್ಣೆದುರಿಗೆ ಬಂದು ನಿಂತ ಸತ್ಯವನ್ನು ಹಳೆಯ ನಂಬಿಕೆ ಮರೆಮಾಡಿತು.

ಸೆರ್ಟ್ಯೂರ್ನರ್ ತನ್ನ ಬಿಡುವಿನ ವೇಳೆಯನ್ನೆಲ್ಲ ಅಫೀಮಿನ ಪರೀಕ್ಷೆಗೆ ಮೀಸಲಿಟ್ಟನು. ಅವನಲ್ಲಿ ಬೆಲೆಬಾಳುವ ಉಪಕರಣಗಳಿರಲಿಲ್ಲ. ಔಷಧಶಾಲೆಯ ಪಾತ್ರೆ, ಸೋಸುಬಟ್ಟೆ, ಒಲೆ, ತಕ್ಕಡಿ ಇವೇ ಅವನ ಸಾಧನಗಳು. ಅವನು ಅಫೀಮನ್ನು ನೀರಿನಲ್ಲಿ ಕದಡಿ ಅದರ ಸಾರವನ್ನು ಇಳಿಸಿಕೊಂಡನು. ಸೋಸಿದ ಆ ಸಾರಕ್ಕೆ ಅಮೋನಿಯ ದ್ರಾವಣವನ್ನು ಬೆರೆಸಿದನು. ಒಡನೆಯೆ ಮಂಕುಬಣ್ಣದ ಕಣಗಳು ತಳಕ್ಕೆ ಇಳಿದವು. ಆ ಕಣಗಳನ್ನು ತೊಳೆದು, ಆಮ್ಲದಲ್ಲಿ ಕರಗಿಸಿ, ಮತ್ತೆ ಅಮೋನಿಯದಿಂದ ಬೇರ್ಪಡಿಸಿ, ಕಡೆಗೆ ಮದ್ಯಸಾರದಲ್ಲಿ ಕರಗಿಸಿ ಶುದ್ಧವಾದ ಸ್ಫಟಿಕಗಳನ್ನು ಪಡೆದನು. ಆ ಸ್ಫಟಿಕಗಳು ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಆಮ್ಲದೊಂದಿಗೆ ಕೂಡಿದರೆ ಲವಣವಾಗಿ ಸುಲಭವಾಗಿ ಕರಗುತ್ತಿದ್ದವು. ಇದು ಕ್ಷಾರದ ಗುಣ. ಅವುಗಳನ್ನು ನಾಯಿಗೆ ತಿನ್ನಿಸಿದಾಗ ಅದು ಮಂಪರಿಗೆ ಜಾರಿತು, ವಾಂತಿ ಮಾಡಿಕೊಂಡಿತು. ಅಫೀಮಿನ ಶಕ್ತಿ ಇರುವುದು ಈ ಸ್ಫಟಿಕದಲ್ಲಿಯೇ ಎಂದು ಅವನಿಗೆ ಮನದಟ್ಟಾಯಿತು. ಅದೇ ಅಫೀಮಿನಲ್ಲಿ ಒಂದು ಹೊಸ ಆಮ್ಲವನ್ನೂ ಅವನು ಕಂಡುಕೊಂಡನು. ಮುಂದೆ ಅದಕ್ಕೆ ಮೆಕೋನಿಕ್ ಆಮ್ಲವೆಂಬ ಹೆಸರಾಯಿತು.

1805 ಮತ್ತು 1806ರಲ್ಲಿ ಸೆರ್ಟ್ಯೂರ್ನರ್ ತನ್ನ ಶೋಧನೆಯ ವಿವರಗಳನ್ನು ಔಷಧಶಾಸ್ತ್ರದ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದನು. ಪತ್ರಿಕೆಯ ಸಂಪಾದಕನಿಗೇ ಅದರಲ್ಲಿ ಪೂರ್ಣ ವಿಶ್ವಾಸ ಮೂಡಲಿಲ್ಲ. ಹೆಸರಿಲ್ಲದ ಊರಿನ ಹೆಸರಿಲ್ಲದ ಸಹಾಯಕನೊಬ್ಬನು ಪಂಡಿತರ ನಂಬಿಕೆಗೆ ವಿರುದ್ಧವಾಗಿ ಬರೆದುದನ್ನು ಲಕ್ಷಿಸುವವರು ಯಾರು? ಹತ್ತು ವರ್ಷಗಳಿಗೂ ಮಿಕ್ಕಿದ ಕಾಲ ಆ ಲೇಖನಗಳು ಯಾರ ಗಮನವನ್ನೂ ಸೆಳೆಯದೆ ಉಳಿದವು.

1806ರಲ್ಲಿ ಸೆರ್ಟ್ಯೂರ್ನರ್ ಪಾಡರ್‌ಬಾರ್ನನ್ನು ಬಿಟ್ಟು ಐನ್‌ಬೆಕ್ ಎಂಬ ಪಟ್ಟಣಕ್ಕೆ ಹೋಗಿ ಅಲ್ಲಿಯ ಔಷಧಶಾಲೆಯಲ್ಲಿ ಕೆಲಸಕ್ಕೆ ಸೇರಿದನು. ಆಗ ನೆಪೋಲಿಯನ್ನನ ಸೇನೆಗಳು ಜರ್ಮನಿಯ ಬಹುಭಾಗವನ್ನು ಆಕ್ರಮಿಸಿದ್ದವು. ಫ್ರೆಂಚರ ಆಡಳಿತದಲ್ಲಿ ವೃತ್ತಿಗಳ ಮೇಲಿನ ನಿರ್ಬಂಧಗಳು ಸಡಿಲವಾದುದರಿಂದ 1809ರಲ್ಲಿ ಅವನು ಸ್ವಂತ ಔಷಧಶಾಲೆಯೊಂದನ್ನು ತೆರೆಯಲು ಸಾಧ್ಯವಾಯಿತು. ತನ್ನ ಹಳೆಯ ಶೋಧನೆಯನ್ನು ಅವನು ಮರೆತಿರಲಿಲ್ಲ. ಪ್ರಯೋಗಗಳನ್ನು ಇನ್ನಷ್ಟು ಎಚ್ಚರದಿಂದ ಮತ್ತೆ ಮಾಡಿದನು. ಆದರೆ ಪ್ರಾಣಿಗಳ ಮೇಲಿನ ಪರೀಕ್ಷೆಯಿಂದ ಅವನಿಗೆ ತೃಪ್ತಿಯಾಗಲಿಲ್ಲ. ನೋವನ್ನು ಅನುಭವಿಸಿ ಹೇಳಬಲ್ಲವನು ಮನುಷ್ಯ. ಆದುದರಿಂದ ಆ ಸತ್ವವನ್ನು ತಾನೇ ಸೇವಿಸಲು ನಿಶ್ಚಯಿಸಿದನು.

ಈ ಪರೀಕ್ಷೆಯಲ್ಲಿ ಹದಿನೇಳು ವರ್ಷ ಮೀರದ ಮೂವರು ಹುಡುಗರೂ ಅವನೊಡನೆ ಪಾಲುಗೊಂಡರು. ನಾಲ್ವರೂ ಸುಮಾರು 30 ಮಿಲಿಗ್ರಾಂ ಸತ್ವವನ್ನು ಮದ್ಯಸಾರದಲ್ಲಿ ಕರಗಿಸಿ ನೀರು ಬೆರೆಸಿ ಕುಡಿದರು. ಮುಖ ಕೆಂಪೇರಿತು. ಅರ್ಧ ಗಂಟೆಯ ಮೇಲೆ ಮತ್ತೆ ಅಷ್ಟನ್ನೇ ಸೇವಿಸಿದರು. ಓಕರಿಕೆ ಬಂದಿತು, ತಲೆ ಸುತ್ತತೊಡಗಿತು. ಕಾಲು ಗಂಟೆ ಕಳೆದ ಮೇಲೆ ಮೂರನೆಯ ಸಲವೂ ಸೇವಿಸಿದರು. ಇಷ್ಟರಲ್ಲಿ ಅವರು ಸೇವಿಸಿದ್ದ ಮೊತ್ತವು ಇಂದಿನ ವೈದ್ಯರು ಆರಂಭದಲ್ಲಿ ಕೊಡುವ ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ಹುಡುಗರು ನಿತ್ರಾಣರಾದರು, ಪ್ರಜ್ಞೆ ಮಸುಕಾಗತೊಡಗಿತು. ಸೆರ್ಟ್ಯೂರ್ನರನೂ ಕನಸಿನಂಥ ಮಂಪರಿನಲ್ಲಿ ಬಿದ್ದಿದ್ದನು. ಅಪಾಯವನ್ನರಿತು ಅವನು ತೀಕ್ಷ್ಣವಾದ ವಿನೆಗರನ್ನು ತಾನೂ ಕುಡಿದು ಅವರಿಗೂ ಕುಡಿಸಿ ವಾಂತಿ ಮಾಡಿಸಿದನು. ನಾಲ್ವರೂ ಬದುಕಿ ಉಳಿದರು. ಎಳೆಯರನ್ನು ಇಂಥ ಗಂಡಾಂತರಕ್ಕೆ ಒಡ್ಡುವುದನ್ನು ಇಂದು ಯಾರೂ ಒಪ್ಪುವುದಿಲ್ಲ. ವಿಜ್ಞಾನದ ನೀತಿನಿಯಮಗಳೂ ಅದನ್ನು ನಿಷೇಧಿಸಿವೆ. ಅಫೀಮಿನ ಶಕ್ತಿಯೆಲ್ಲವೂ ಆ ಸ್ಫಟಿಕದಲ್ಲಿದೆ ಎಂಬುದು ಮಾತ್ರ ಈ ಪರೀಕ್ಷೆಯಿಂದ ಸ್ಥಿರಪಟ್ಟಿತು.

1817ರಲ್ಲಿ ಅವನು ಈ ಎಲ್ಲ ವಿವರಗಳನ್ನು ಸೇರಿಸಿ ಹೊಸದೊಂದು ಪ್ರಬಂಧವನ್ನು ಪ್ರಕಟಿಸಿದನು. ಗ್ರೀಕರ ಪುರಾಣದಲ್ಲಿ ಕನಸುಗಳ ದೇವತೆಯಾದ ಮಾರ್ಫಿಯಸ್‌ನ ಹೆಸರಿನಿಂದ ತನ್ನ ಸತ್ವಕ್ಕೆ ಮಾರ್ಫಿಯಂ ಎಂದು ಹೆಸರಿಟ್ಟನು. ಇಂದು ನಾವು ಅದನ್ನು ಮಾರ್ಫಿನ್ ಎನ್ನುತ್ತೇವೆ. ಈ ಸಲ ಅವನ ಲೇಖನ ಪ್ಯಾರಿಸ್ಸಿನ ಪ್ರಸಿದ್ಧ ವಿಜ್ಞಾನಿ ಗೇ ಲ್ಯೂಸಾಕ್‌ನ ಕಣ್ಣಿಗೆ ಬಿದ್ದಿತು. ಅವನು ಅದನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿ, ಪ್ರಯೋಗಗಳನ್ನು ಪುನಃ ಪರೀಕ್ಷಿಸಲು ಏರ್ಪಾಡು ಮಾಡಿದನು. ಫಲಿತಾಂಶಗಳು ಸೆರ್ಟ್ಯೂರ್ನರ್ ಹೇಳಿದಂತೆಯೇ ಬಂದವು. ಅದೇ ವರ್ಷ ಯೇನಾ ವಿಶ್ವವಿದ್ಯಾನಿಲಯವು ಕಾಲೇಜಿನ ಮೆಟ್ಟಿಲೇರದ ಈ ಔಷಧಿಕಾರನಿಗೆ ಡಾಕ್ಟರ್ ಪದವಿಯನ್ನು ನೀಡಿ ಗೌರವಿಸಿತು.

ಒಮ್ಮೆ ದಾರಿ ತೆರೆದ ಮೇಲೆ ಆ ದಾರಿಯಲ್ಲಿ ಹಲವರು ನಡೆದರು. ಪ್ಯಾರಿಸ್ಸಿನ ಪೆಲ್ಟಿಯೇ ಮತ್ತು ಕವೆಂತೂ ಎಂಬ ಇಬ್ಬರು ಔಷಧಿಕಾರರು 1818ರಲ್ಲಿ ಸ್ಟ್ರಿಕ್ನಿನ್ ಎಂಬ ಉಗ್ರವಿಷವನ್ನು ಬೇರ್ಪಡಿಸಿದರು. ನಮ್ಮ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜಗಳಲ್ಲಿಯೂ ಇರುವುದು ಈ ವಿಷವೇ. ಅವರೇ 1820ರಲ್ಲಿ ಸಿಂಕೋನ ಮರದ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. ಅದು ಮಲೇರಿಯದಿಂದ ನರಳುತ್ತಿದ್ದ ಅಸಂಖ್ಯಾತ ಜನರ ಪ್ರಾಣವನ್ನು ಉಳಿಸಿತು. ಜರ್ಮನಿಯ ರುಂಗೆ ಎಂಬುವನು ಕಾಫಿ ಬೀಜದಿಂದ ಕೆಫೀನನ್ನು ಪಡೆದನು. ಕ್ಷಾರವನ್ನು ಹೋಲುವ ಈ ಸಸ್ಯಸತ್ವಗಳಿಗೆಲ್ಲ ಆಲ್ಕಲಾಯ್ಡ್ ಎಂಬ ಸಾಮಾನ್ಯ ಹೆಸರು ಬಂದಿತು. ಕನ್ನಡದಲ್ಲಿ ಅವುಗಳನ್ನು ಸಸ್ಯಕ್ಷಾರಗಳೆಂದು ಕರೆಯಬಹುದು. ಅವುಗಳೆಲ್ಲವೂ ನೈಟ್ರೊಜನ್ನನ್ನು ಒಳಗೊಂಡ ವಸ್ತುಗಳು.

ಗಿಡವು ಇಂಥ ಸತ್ವವನ್ನು ಹೇಗೆ ತಯಾರಿಸುತ್ತದೆ, ಎಲ್ಲಿ ಕೂಡಿಡುತ್ತದೆ ಎಂಬುದು ಸೆರ್ಟ್ಯೂರ್ನರನ ಕಾಲದಲ್ಲಿ ತಿಳಿದಿರಲಿಲ್ಲ. ಅವನು ಮಾರ್ಫಿನ್ನನ್ನು ಬೇರ್ಪಡಿಸಿದಾಗ ಸಸ್ಯಗಳ ದೇಹ ಜೀವಕೋಶಗಳಿಂದ ಆಗಿದೆ ಎಂಬ ಸಿದ್ಧಾಂತವೇ ರೂಪುಗೊಂಡಿರಲಿಲ್ಲ. ಇಂದು ನಮಗೆ ಅದು ಬಹುಮಟ್ಟಿಗೆ ತಿಳಿದಿದೆ. ಸಸಾರಜನಕಗಳನ್ನು ಕಟ್ಟಲು ಬೇಕಾದ ಅಮೈನೊ ಆಮ್ಲಗಳಲ್ಲಿ ಟೈರೊಸಿನ್ ಎಂಬುದೊಂದು. ಗಸಗಸೆ ಗಿಡವು ಮಾರ್ಫಿನ್ನನ್ನು ತಯಾರಿಸುವುದು ಈ ಟೈರೊಸಿನ್ನಿನಿಂದ. ಕಿಣ್ವಗಳು ಒಂದಾದ ಮೇಲೊಂದರಂತೆ ಕೆಲಸಮಾಡಿ, ಹತ್ತಕ್ಕೂ ಹೆಚ್ಚು ಹಂತಗಳಲ್ಲಿ ಅದನ್ನು ಮಾರ್ಪಡಿಸುತ್ತವೆ. ಈ ಕೆಲಸ ಒಂದೇ ಬಗೆಯ ಕೋಶದಲ್ಲಿ ನಡೆಯುವುದಿಲ್ಲ. ಆಹಾರವನ್ನು ಸಾಗಿಸುವ ಫ್ಲೋಯಂ ಅಂಗಾಂಶದ ಕೋಶಗಳಲ್ಲಿ ಮೊದಲ ಹಂತಗಳು ನಡೆಯುತ್ತವೆ. ಆ ಅಂಗಾಂಶದ ಪಕ್ಕದಲ್ಲಿಯೇ ಹಾಲನ್ನು ತುಂಬಿಕೊಂಡ ಸೂಕ್ಷ್ಮನಾಳಗಳಿವೆ. ಕೊನೆಯ ಹಂತಗಳು ನಡೆಯುವುದೂ ಸಿದ್ಧವಾದ ಮಾರ್ಫಿನ್ ಸಂಗ್ರಹವಾಗುವುದೂ ಈ ಹಾಲುನಾಳಗಳಲ್ಲಿ.

ಹಾಲುನಾಳದ ಒಳಗೂ ಮಾರ್ಫಿನ್ ಎಲ್ಲೆಂದರಲ್ಲಿ ಹರಡಿರುವುದಿಲ್ಲ. ತೆಳುವಾದ ಪೊರೆಯಿಂದ ಆವೃತವಾದ ಸಣ್ಣ ಸಣ್ಣ ಚೀಲಗಳಲ್ಲಿ ಅದು ಸೇರಿಕೊಂಡಿರುತ್ತದೆ. ಆ ಚೀಲಗಳ ಒಳಗೆ ಆಮ್ಲೀಯ ರಸವಿದೆ. ಕ್ಷಾರಗುಣದ ಮಾರ್ಫಿನ್ ಒಳಗೆ ಬಂದೊಡನೆ ಆಮ್ಲದೊಂದಿಗೆ ಕೂಡಿ ಲವಣವಾಗುತ್ತದೆ. ಲವಣವಾದ ಮೇಲೆ ಅದು ಪೊರೆಯನ್ನು ದಾಟಿ ಹೊರಗೆ ಹೋಗುವುದು ಕಷ್ಟ. ಮಾರ್ಫಿನ್ನನ್ನು ಹೀಗೆ ಹಿಡಿದಿಡುವ ಆಮ್ಲಗಳಲ್ಲಿ ಮುಖ್ಯವಾದುದು ಸೆರ್ಟ್ಯೂರ್ನರನೇ ಕಂಡುಹಿಡಿದ ಮೆಕೋನಿಕ್ ಆಮ್ಲ! ಅವನು ಬೋಗುಣಿಗೆ ಅಮೋನಿಯವನ್ನು ಸುರಿದಾಗ, ಗಿಡವು ಆಮ್ಲದಿಂದ ಬಿಗಿದಿದ್ದ ಗಂಟನ್ನು ಕ್ಷಾರದಿಂದ ಬಿಚ್ಚಿದಂತಾಯಿತು. ಗಿಡವು ತನ್ನ ಸತ್ವವನ್ನು ಯಾವ ಗುಣದ ಬಲದಿಂದ ಕೂಡಿಡುತ್ತದೆಯೋ ಅದೇ ಗುಣವನ್ನು ಗುರುತಿಸಿ ಅವನು ಅದನ್ನು ಹೊರತೆಗೆದಿದ್ದನು.

ಗಿಡಕ್ಕೆ ಈ ಸತ್ವದಿಂದ ಏನು ಪ್ರಯೋಜನ? ಗಿಡವು ಶತ್ರುವಿನಿಂದ ಓಡಿಹೋಗಲಾರದು. ಕೀಟವೋ ಪ್ರಾಣಿಯೋ ಕಚ್ಚಿದಾಗ ನಾಳಗಳು ಒಡೆದು ಕಹಿಯಾದ, ವಿಷಯುಕ್ತವಾದ ಹಾಲು ಹೊರಬರುತ್ತದೆ. ಸಸ್ಯಕ್ಷಾರಗಳು ಬಹುಮಟ್ಟಿಗೆ ಸಸ್ಯಗಳ ರಕ್ಷಣೆಯ ಸಾಧನಗಳು. ಆದರೆ ಅದೇ ವಿಷ ತನ್ನ ಕೋಶಗಳ ದೈನಂದಿನ ಕೆಲಸಕ್ಕೂ ತೊಡಕಾಗಬಹುದು. ಆದುದರಿಂದಲೇ ಅದನ್ನು ಬೇರೆಯಾಗಿ ಬಚ್ಚಿಡುವ ಏರ್ಪಾಡು. ಈ ಏರ್ಪಾಡು ಎಲ್ಲ ಗಿಡಗಳಲ್ಲಿ ಒಂದೇ ತೆರನಾಗಿಲ್ಲ. ಹೊಗೆಸೊಪ್ಪಿನ ಗಿಡವು ನಿಕೋಟಿನ್ ವಿಷವನ್ನು ಬೇರಿನಲ್ಲಿ ತಯಾರಿಸಿ, ಮೇಲೇರುವ ನೀರಿನೊಡನೆ ಎಲೆಗೆ ಕಳುಹಿಸಿ, ಎಲೆಯ ಕೋಶಗಳ ರಸದಾನಿಗಳಲ್ಲಿ ಕೂಡಿಡುತ್ತದೆ. ಸಿಂಕೋನ ಮರದ ಕ್ವಿನೈನ್ ತೊಗಟೆಯಲ್ಲಿ ನೆಲಸುತ್ತದೆ. ಗಸಗಸೆಯ ಕಾಯಿಯ ಗೋಡೆಯಲ್ಲಿ ಹಾಲುನಾಳಗಳು ಹೆಣೆದುಕೊಂಡಿವೆ. ಬೀಜದಲ್ಲಿ ಅವು ಇಲ್ಲ. ಕಾಯಿ ಮದ್ದಾಗಿ ಬೀಜ ಆಹಾರವಾಗಿರುವ ಸೋಜಿಗಕ್ಕೆ ಇದೇ ಸಮಾಧಾನ.

ಇಷ್ಟು ದೊಡ್ಡ ಶೋಧನೆ ಮಾಡಿದ ಸೆರ್ಟ್ಯೂರ್ನರನ ಬಾಳು ಮಾತ್ರ ಸುಖಮಯವಾಗಿರಲಿಲ್ಲ. ನೆಪೋಲಿಯನ್ನನ ಪತನದ ತರುವಾಯ ಫ್ರೆಂಚರ ಕಾಲದಲ್ಲಿ ದೊರೆತಿದ್ದ ಪರವಾನಿಗೆಗೆ ಬೆಲೆಯಿಲ್ಲವಾಯಿತು. ದೀರ್ಘಕಾಲದ ವ್ಯಾಜ್ಯದ ಕೊನೆಗೆ ಅವನು ಐನ್‌ಬೆಕ್‌ನ ತನ್ನ ಔಷಧಶಾಲೆಯನ್ನು ಕಳೆದುಕೊಂಡನು. 1820ರ ಅನಂತರದ ವರ್ಷಗಳನ್ನು ಹಾಮೆಲ್ನ್ ಎಂಬ ಊರಿನಲ್ಲಿ ಅಲ್ಲಿಯ ಔಷಧಶಾಲೆಯ ಒಡೆಯನಾಗಿ ಕಳೆದನು. ಮಾರ್ಫಿನ್ನನ್ನು ಮೊದಲು ಕಂಡವರು ತಮ್ಮವರೆಂದು ಫ್ರಾನ್ಸಿನ ಕೆಲವರು ವಾದ ಹೂಡಿದರು. ಕಡೆಗೆ 1831ರಲ್ಲಿ ಫ್ರಾನ್ಸಿನ ವಿದ್ವತ್ಸಂಸ್ಥೆಯೇ ಮಾರ್ಫಿನ್ನಿನ ಕ್ಷಾರಗುಣವನ್ನು ಗುರುತಿಸಿ ವೈದ್ಯಶಾಸ್ತ್ರಕ್ಕೆ ಹೊಸ ದಾರಿ ತೆರೆದವನು ಸೆರ್ಟ್ಯೂರ್ನರ್ ಎಂದು ಒಪ್ಪಿ, ಅವನಿಗೆ 2000 ಫ್ರಾಂಕುಗಳ ಬಹುಮಾನವನ್ನು ನೀಡಿತು. 1841ನೆಯ ಇಸವಿ ಫೆಬ್ರವರಿ 20ರಂದು, ತನ್ನ ಐವತ್ತೇಳನೆಯ ವಯಸ್ಸಿನಲ್ಲಿ, ಅವನು ಹಾಮೆಲ್ನ್‌ನಲ್ಲಿ ತೀರಿಕೊಂಡನು. ಅವನ ದೇಹವನ್ನು ಐನ್‌ಬೆಕ್‌ನಲ್ಲಿ ಸಮಾಧಿ ಮಾಡಲಾಯಿತು.

ಸೆರ್ಟ್ಯೂರ್ನರನ ಶೋಧನೆ ಅವನ ಕಾಲಕ್ಕೇ ಮುಗಿಯಲಿಲ್ಲ. 1827ರ ವೇಳೆಗೆ ಜರ್ಮನಿಯಲ್ಲಿ ಮೆರ್ಕ್ ಎಂಬ ಔಷಧಿಕಾರನು ಮಾರ್ಫಿನ್ನನ್ನು ಮಾರಾಟಕ್ಕಾಗಿ ತಯಾರಿಸತೊಡಗಿದ್ದನು. ಅದರ ಅಣುರಚನೆಯನ್ನು ಇಂಗ್ಲೆಂಡಿನ ರಾಬಿನ್ಸನ್ 1925ರಲ್ಲಿ ಸೂಚಿಸಿದನು. 1952ರಲ್ಲಿ ಅಮೆರಿಕದ ಗೇಟ್ಸ್ ಅದನ್ನು ಗಿಡದ ನೆರವಿಲ್ಲದೆ ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿದನು. ಹಾಗಿದ್ದರೂ ಔಷಧಕ್ಕೆ ಬೇಕಾದ ಮಾರ್ಫಿನ್ ಇಂದಿಗೂ ಗಸಗಸೆ ಗಿಡದಿಂದಲೇ ಬರುತ್ತದೆ. ಅರ್ಬುದ ರೋಗದ ಅಸಹನೀಯ ಯಾತನೆಯಲ್ಲಿರುವವರಿಗೆ ಅದು ನೆಮ್ಮದಿ ನೀಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯಕ ಔಷಧಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ವೈದ್ಯನ ಅಂಕೆ ತಪ್ಪಿದರೆ ಅದೇ ಮದ್ದು ಚಟವಾಗಿ ಮನುಷ್ಯನನ್ನು ನುಂಗಿಹಾಕುತ್ತದೆ. ಆದುದರಿಂದಲೇ ನಮ್ಮ ದೇಶದಲ್ಲಿ ಸರ್ಕಾರದ ಪರವಾನಿಗೆಯಿಲ್ಲದೆ ಅಫೀಮಿನ ಬೆಳೆಯನ್ನು ಯಾರೂ ಬೆಳೆಯುವಂತಿಲ್ಲ.

ಮದ್ದಿಗೂ ವಿಷಕ್ಕೂ ನಡುವಣ ಅಂತರ ಅಳತೆಯಲ್ಲಿದೆ. ಆ ಅಳತೆಯನ್ನು ಸಾಧ್ಯವಾಗಿಸಿದವನು ಸೆರ್ಟ್ಯೂರ್ನರ್. ಊಹೆಯಿಂದ ಮದ್ದು ಕೊಡುತ್ತಿದ್ದ ವೈದ್ಯನ ಕೈಗೆ ತೂಗಿ ಕೊಡಬಹುದಾದ ಶುದ್ಧ ಸತ್ವವನ್ನು ಅವನು ಇಟ್ಟನು. ಅವನಲ್ಲಿ ಸಿರಿಯಿರಲಿಲ್ಲ, ಪದವಿಯಿರಲಿಲ್ಲ, ಉಪಕರಣಗಳಿರಲಿಲ್ಲ. ಪಂಡಿತರು ಇರಲಾರದೆಂದು ಹೇಳಿದ್ದ ಕ್ಷಾರ ತನ್ನ ಬೋಗುಣಿಯ ತಳದಲ್ಲಿ ಕಾಣಿಸಿದಾಗ, ಅದನ್ನು ಕಡೆಗಣಿಸದೆ ಮತ್ತೆ ಮತ್ತೆ ಪರೀಕ್ಷಿಸುವ ತಾಳ್ಮೆ ಅವನಲ್ಲಿತ್ತು.